ಗಾಳಿಯ ವರ್ಷ

ಫಾಯಾದ ನೋಂದಣಿ ಕಚೇರಿಗೆ ಒಂದೇ ಕಂಪ್ಯೂಟರು.
ಅದರ ಕಾವಲಿಗೆ ನಾನು, ಬರ್ಕಾಯ್.
ಸಂಬಳ ಗುಮಾಸ್ತನದು,
ಕೆಲಸ ಕಸ ಗುಡಿಸುವವನದು.

ತಿಬೆಸ್ತಿಗೂ ಎನ್ನೆದಿಗೂ ನಡುವಿನ ಸಂದಿಯಲ್ಲಿ
ನುಗ್ಗಿ ಬರುತ್ತದೆ ಈಶಾನ್ಯದ ಗಾಳಿ.
ಬಾಗಿಲು ತಟ್ಟುವುದಿಲ್ಲ, ಹೆಸರು ಹೇಳುವುದಿಲ್ಲ.
ಬಿಳಿ ಹಿಟ್ಟಿನಂಥ ಧೂಳು.
ಒಂದು ಕಾಲಕ್ಕೆ ಇದು ಕೆರೆಯಾಗಿತ್ತಂತೆ, ಕಡಲಿನಷ್ಟು ಕೆರೆ.
ಒಂಟೆ ಕಾಯುವ ಹುಡುಗರು ಮೀನಿನ ಮುಳ್ಳು ಹೆಕ್ಕಿ ತರುತ್ತಾರೆ.
ನಂಬದೆ ಏನು ಮಾಡಲಿ?
ಕೀಲಿಮಣೆಯ ಸಂದಿನಲ್ಲಿ ದಿನಾ ಸಿಗುವುದು
ಆ ಕೆರೆಯೇ.

ಮೊದಲ ವರ್ಷ ಕಂಬಳಿ ಹೊದಿಸಿದೆ,
ಒಂಟೆಕೂದಲಿನದು, ಅತ್ತೆ ಮನೆಯದು.
ಪೆಟ್ಟಿಗೆ ಜ್ವರ ಬಂದ ಕೂಸಿನಂತೆ ಕಾದು
ಹನ್ನೊಂದು ಹೆಸರು ನುಂಗಿ ಸುಮ್ಮನಾಯಿತು.
ಎಂಟನ್ನು ನೆನಪಿನಿಂದ ಮತ್ತೆ ಬರೆದೆ.
ಮೂರು ಮಕ್ಕಳು ಈಗಲೂ
ಎಲ್ಲೋ ಆಡು ಮೇಯಿಸುತ್ತಿದ್ದಾರೆ, ಹುಟ್ಟದೆಯೇ.

ಮರುವರ್ಷ ಮುಚ್ಚಳವನ್ನೇ ತೆಗೆದಿಟ್ಟೆ, ಉಸಿರಾಡಲಿ ಎಂದು.
ಉಸಿರಾಡಿತು, ಮರುಭೂಮಿಯನ್ನು.
ಫ್ಯಾನು ಮುದಿ ಒಂಟೆಯ ಹಾಗೆ ಗೊಣಗಿ ಮಂಡಿಯೂರಿತು.

ಆಮೇಲೆ ಕಲಿತೆ:
ನೆಲ ಬಿಡಿಸಿ ಖಾಲಿ ಮದ್ದುಗುಂಡಿನ ಡಬ್ಬದ ಮೇಲಿಡಲು,
ಗುರುವಾರ ಗುರುವಾರ ಸೈಕಲ್ ಪಂಪಿನಿಂದ ಊದಲು,
ಊದುವಾಗ ಫ್ಯಾನಿನ ರೆಕ್ಕೆ ಹುಚ್ಚೆದ್ದು ತಿರುಗದಂತೆ
ಖರ್ಜೂರದ ಗರಿಯ ಕಡ್ಡಿ ಸಿಕ್ಕಿಸಲು,
ಕುಂಚ ಹೋಗದ ಕಡೆಗೆ
ಮಗಳ ಕಣ್ಣುಕಪ್ಪಿನ ಕಡ್ಡಿ ಕದಿಯಲು.

ಹಪ್ಸಿತಾ ಬಂದದ್ದು ಅಂಥದೇ ಒಂದು ಗುರುವಾರ.
ಎಪ್ಪತ್ತೋ ಎಂಬತ್ತೋ. ವಯಸ್ಸಿನ ಕಾಗದ ಬೇಕು.
ಹುಟ್ಟಿದ ವರ್ಷ?
"ಗಾಳಿಯ ವರ್ಷ."
ಗಾಳಿಯಿಲ್ಲದ ವರ್ಷ ಇಲ್ಲಿ ಯಾವುದಿದೆ, ಅಜ್ಜಿ?
"ಬಾವಿ ಹೂತುಹೋದ ಗಾಳಿ. ಬರಿ."

ಬರೆಯುವ ಮೊದಲೇ ಪರದೆ ಕಪ್ಪಾಯಿತು.
ನಾಲ್ಕು ಸ್ಕ್ರೂ ಬಿಚ್ಚಿದೆ. ಅವಳು ಕತ್ತು ಚಾಚಿದಳು,
ಕುರಿಯ ಹೊಟ್ಟೆ ಸೀಳುವಾಗ ನೋಡುವವಳ ಹಾಗೆ.
ಲೋಹದ ಹಲ್ಲುಗಳ ನಡುವೆ ಬೂದು ಉಣ್ಣೆಯ ಗಂಟು.
ಬರೀ ಧೂಳಲ್ಲ.
ಯಾರದೋ ನರೆಗೂದಲು, ಯಾರದೋ ರುಮಾಲಿನ ಎಳೆ,
ಹೆಸರು ಬರೆಸಲು ಬಂದು ನಿಂತವರೆಲ್ಲ
ಚೂರುಚೂರಾಗಿ ಒಳಗೆ ಉಳಿದಿದ್ದರು.

"ಇದಕ್ಕೆ ನಿನಗೆ ಸಂಬಳವೇ?" ನಕ್ಕಳು.
"ನಮ್ಮಮ್ಮ ದಿನಕ್ಕೆರಡು ಸಲ ಮರುಭೂಮಿಯನ್ನು
ಹೊಸ್ತಿಲಾಚೆ ಗುಡಿಸುತ್ತಿದ್ದಳು.
ಬಿಟ್ಟಿ."

ಆಮೇಲೆ ಬೆರಳು ಚಾಚಿ ಕೇಳಿದಳು,
ಇದು ಉಸಿರು ಎಳೆಯುವುದೆಲ್ಲಿ, ಬಿಡುವುದೆಲ್ಲಿ?
ತೋರಿಸಿದೆ.
ನನ್ನದೇ ಕತ್ತರಿ ಇಸಿದುಕೊಂಡು
ಹೊದ್ದ ತೆಳುಬಟ್ಟೆಯ ಅಂಚಿನಿಂದ ಒಂದು ಗೇಣು ಕತ್ತರಿಸಿದಳು.
"ಎಳೆಯುವ ಕಡೆ ಕಟ್ಟು. ಬಿಡುವ ಕಡೆ ಬಿಟ್ಟುಬಿಡು.
ಗಾಳಿಗೆ ಎದುರು ನಡೆಯುವವನು
ಮೂಗಿಗೆ ಕಟ್ಟುತ್ತಾನೋ, ಬೆನ್ನಿಗೋ?"

ಇಷ್ಟು ವರ್ಷ ರುಮಾಲು ಸುತ್ತಿದ ನನ್ನ ತಲೆಗೆ
ಇದು ಹೊಳೆದಿರಲಿಲ್ಲ.

ಅವಳ ವರ್ಷ?
ಆ ಖಾನೆ ನಾಲ್ಕು ಅಂಕಿಯನ್ನಷ್ಟೇ ಒಪ್ಪುತ್ತದೆ.
ನಾಲ್ಕು ಅಂಕಿ ಹಾಕಿದೆ. ಯಾವುವೆಂದು ಕೇಳಬೇಡಿ.

ಈಗ ಗುರುವಾರ ಆ ಬಟ್ಟೆ ಬಿಚ್ಚಿ
ಬಟ್ಟಲಲ್ಲಿ ಅದ್ದಿ ಹಿಂಡುತ್ತೇನೆ.
ನೀರು ಹಾಲಿನಂತೆ ಬೆಳ್ಳಗಾಗುತ್ತದೆ.
ಬೊಗಸೆಯಷ್ಟು ಕೆರೆ, ಮತ್ತೆ ಕೆರೆ.
ಚೆಲ್ಲುವ ಮುಂಚೆ ಸುಮ್ಮನೆ ನೋಡುತ್ತ ನಿಂತಿರುತ್ತೇನೆ,
ಅಷ್ಟರಲ್ಲಿ ಪಕ್ಕದ ಮನೆಯ ಆಡು ಬಂದು
ಅರ್ಧ ಕುಡಿದುಬಿಡುತ್ತದೆ.