ಮಾರಾಟಕ್ಕಲ್ಲದ ಪ್ರತಿ

ರಟ್ಟಿನ ಮೇಲೆ ಅಚ್ಚೊತ್ತಿದೆ: ಮಾರಾಟಕ್ಕಲ್ಲ,
ಕರಡು ಇನ್ನೂ ತಿದ್ದಿಲ್ಲ.
ಹನ್ನೊಂದನೇ ಪುಟದಲ್ಲಿ ಹುಡುಗಿಗೆ ಕಂದು ಕಣ್ಣು,
ನಲವತ್ತರಲ್ಲಿ ಹಸಿರು.
ಲೊರೇನ್ ತಿಬೊಡೋ ಪೆನ್ಸಿಲಿನಲ್ಲಿ ಗೆರೆಯೆಳೆದು ನಗುತ್ತಾಳೆ.
ಹಸುಗೂಸಿನ ನೆತ್ತಿಯಂತೆ
ಇನ್ನೂ ಮೆತ್ತಗಿದೆ ಈ ಪುಸ್ತಕ.

ಮೇನ್ ರಾಜ್ಯದ ಬಡಗಣ ತುದಿ, ಕಾಗದದ ಕಾರ್ಖಾನೆ ಮುಚ್ಚಿದ ಊರು.
ಕೊಳೆತ ಕೋಸಿನಂಥ ಆ ವಾಸನೆ ಹೋಗಿ ಹನ್ನೆರಡು ವರ್ಷ;
ಮೂಗು ಮುಚ್ಚಿ ಬೈದವರೇ ಈಗ ಅದನ್ನು ನೆನೆಯುತ್ತಾರೆ.
ಅವಳಪ್ಪ ಮೂರನೇ ಯಂತ್ರದಲ್ಲಿದ್ದವನು,
ಹಾಳೆಯನ್ನು ಕಿವಿಯ ಬಳಿ ಅಲುಗಿಸಿ ತೂಕ ಹೇಳುತ್ತಿದ್ದ.
ಅವಳೂ ಹೊಸ ಪುಸ್ತಕವನ್ನು ಮೊದಲು ಅಲುಗಿಸುತ್ತಾಳೆ.
ಏನೂ ತಿಳಿಯುವುದಿಲ್ಲ. ಆದರೂ.

ಈ ವರ್ಷ ಕೈಯಲ್ಲಿರುವುದು ಆರುನೂರ ಹತ್ತು ಡಾಲರು.
ಮೂವತ್ತು ಪುಸ್ತಕ, ಕೊಸರಾಡಿದರೆ ಮೂವತ್ತೆರಡು.
ವಿಮರ್ಶೆಯವರು ನಕ್ಷತ್ರ ಕೊಟ್ಟಿದ್ದಾರೆ, ಸರಿ;
ಅವರಾರೂ ಈ ಊರಿನ ಶಾಲಾ ಬಸ್ಸು ಹತ್ತಿದವರಲ್ಲ.
ಒಂದಗುಳು ಹಿಸುಕಿ ಅನ್ನ ಬೆಂದಿತೆನ್ನಬಹುದು,
ಪುಸ್ತಕಕ್ಕೆ ಆ ಮಾತು ನಡೆಯದು:
ಇನ್ನೂರು ಪುಟ ಹದವಾಗಿ ಬೆಂದು
ಇನ್ನೂರ ಒಂದರಲ್ಲಿ ಕಲ್ಲು ಸಿಕ್ಕೀತು.

ಹಾಗಾಗಿ ಓದುತ್ತಾಳೆ,
ಐಸ್ ಹಾಕಿ ಅಂಗಳದ ಹೊರಗೆ, ಕಾರಿನ ಹೀಟರ್ ಹಾಕಿಕೊಂಡು,
ಲಾಂಡ್ರಿ ಅಂಗಡಿಯಲ್ಲಿ ಹೊದಿಕೆ ತಿರುಗುವಾಗ.
ಓದುವ ಕಣ್ಣು ಅವಳದಲ್ಲ, ಎರವಲು.
ಒಂದು ಅಧ್ಯಾಯ ಡೂಯೀ ಪೆಲ್ಕಿಯ ಕಣ್ಣು:
ಮೂರು ಪುಟದೊಳಗೆ ಅವನಿಗೆ ಏನಾದರೂ ಮುರಿಯಲೇಬೇಕು.
ಇನ್ನೊಂದು, ಪ್ರತಿ ಸೆಪ್ಟೆಂಬರಿಗೆ ದೂರು ಬರೆಯುವ ತಾಯಿಯದು,
ಬೈಗುಳ ಎಣಿಸುತ್ತಾ. ಹದಿನಾಲ್ಕು. ಈವರೆಗೆ.

ಎಂಬತ್ತೆಂಟನೇ ಪುಟ.
ಅಣ್ಣ ಬಚ್ಚಲಿನಲ್ಲಿ ಬಿದ್ದಿದ್ದಾನೆ, ತುಟಿ ನೀಲಿ.
ತಂಗಿ ಬಾಗಿಲಾಚೆ ಹಲ್ಲುಜ್ಜಲು ಕಾಯುತ್ತಿದ್ದಾಳೆ.
ಯಂತ್ರ ನಿಂತದ್ದು
ಲೊರೇನಳಿಗೆ ಕೇಳಿಸಲಿಲ್ಲ.
ಒಂಬತ್ತನೇ ತರಗತಿಯಲ್ಲಿ ಅಂಥ ತಂಗಿಯರು ಇಬ್ಬರು.
ಒಬ್ಬಳು, ಮಾರ್ಗೋ ಸೀರ್,
ಊಟದ ಬಿಡುವಿನಲ್ಲಿ ಭೂಪಟಗಳ ಕಪಾಟಿನ ಹಿಂದೆ ಕೂರುತ್ತಾಳೆ.

ಪಟ್ಟಿಯಲ್ಲಿ ಹೆಸರು ಬರೆದಳು. ಅಳಿಸಿದಳು.
ಬರೆದು ಪಕ್ಕದಲ್ಲೊಂದು ಪ್ರಶ್ನೆಯ ಚಿಹ್ನೆ ಇಟ್ಟಳು.
ಪ್ರತಿ ಮೇಜಿನ ಮೇಲೇ ಉಳಿಯಿತು,
ಮರೆತೆ ಎಂದು ಆಮೇಲೆ ತನಗೇ ಹೇಳಿಕೊಂಡಳು.

ಸೋಮವಾರ ಅದು ಅಲ್ಲಿರಲಿಲ್ಲ.
ಗುರುವಾರ, ವಾಪಸು ಹಾಕುವ ಡಬ್ಬಿಯ ತಳದಲ್ಲಿ,
ಮುದ್ರೆಯಿಲ್ಲ, ಚೀಟಿಯಿಲ್ಲ, ಬೆನ್ನು ಮುರಿದಿದೆ.
ಎಂಬತ್ತೆಂಟರ ಅಂಚಿಗೆ ನೇರಳೆ ಶಾಯಿ:
ಬಾಗಿಲು ಬಡಿಯುವುದನ್ನು ಇಷ್ಟು ಬೇಗ ನಿಲ್ಲಿಸುವುದಿಲ್ಲ.
ಹಿಂದೆ ಹೋದರೆ ನಲವತ್ತರಲ್ಲಿ, ಅವಳ ಪೆನ್ಸಿಲ್ ಗೆರೆಯ ಕೆಳಗೆ,
ಸಣ್ಣಕ್ಷರದಲ್ಲಿ:
ಕಂದೇ ಇರಲಿ.

ಎರಡು ಪ್ರತಿ, ಎಂದು ಬರೆದಳು ಲೊರೇನ್.
ಒಂದು ಕಪಾಟಿಗೆ,
ಇನ್ನೊಂದು ಕಳೆದುಹೋಗುವುದಕ್ಕೆ.
ದೂರಿನ ತಾಯಿಗೆ ಕೊಡಬೇಕಾದ ಉತ್ತರ
ಇನ್ನೂ ಹೊಳೆದಿರಲಿಲ್ಲ.

ಅಕ್ಟೋಬರಿನಲ್ಲಿ ಅಚ್ಚಾದದ್ದು ಬಂತು, ಗಟ್ಟಿ ರಟ್ಟು.
ಕಿವಿಯ ಬಳಿ ಅಲುಗಿಸಿ ನೋಡಿದಳು.
ಕಣ್ಣು ಎಲ್ಲ ಪುಟದಲ್ಲೂ ಹಸಿರು.