ಹಗ್ಗ ಹಿಡಿದವಳು

ಮುಹರಕ್ಕಿನ ಈ ಓಣಿಯಲ್ಲಿ ರಾತ್ರಿ ಎರಡೂವರೆಗೆ
ಏಸಿಯೊಂದೇ ಮಾತಾಡುತ್ತದೆ.
ಗೋಡೆಯ ಚೀಟಿಯಲ್ಲಿ ನನ್ನದೇ ಕೈಬರಹ:
ಹನ್ನೆರಡು ಎಡ, ಎರಡು ಬಲ, ನಾಲ್ಕು ಅಂಗಾತ.
ಲುಲ್ವಾ ಅಜ್ಜಿಯ ಬೆನ್ನು ಹುಣ್ಣಾಗಬಾರದು.

ಎರಡರ ಬಲ ಅರ್ಧ ಗಂಟೆ ತಡವಾಗಿದೆ.

ಹಗಲಿನವಳು, ಮಿನಿಮೋಳ್, ಊರಿಗೆ ಹೋಗಿ ಮೂರು ದಿನ;
ಎರಡೂ ಪಾಳಿ ನನ್ನವೇ.
ನಿದ್ದೆಗೆಟ್ಟ ತಲೆ ಏನೇನು ಮಾಡುತ್ತದೆಂದು
ಕಲಬುರಗಿಯಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ,
ಬೆನ್ನು ಏನು ಮಾಡುತ್ತದೆಂದು ಯಾರೂ ಹೇಳಿರಲಿಲ್ಲ.

ಬೆನ್ನೇ ಬಾಗಿಲು.
ನೆಟ್ಟಗಿದ್ದರೆ ಅಗಳಿ ಹಾಕಿದೆ,
ಸ್ಟೂಲಿನ ಮೇಲೆ ಕೂತರೆ ಅಗಳಿ ಸಡಿಲ.
ಸೋಫಾಕ್ಕೆ ಒರಗಿದೆನೋ,
ತೂಕಡಿಸುವವಳಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ,
ಸಿರಿಂಜಿನ ಗೆರೆಗಳು ಇರುವೆಸಾಲಾಗಿ ಹೊರಟುಬಿಡುತ್ತವೆ;
ಐದು ಅನ್ನುವುದು ಯಾರದೋ ಹೆಸರು,
ಎಲ್ಲೋ ಕೇಳಿದ್ದು.
ಎದ್ದು ನಿಲ್ಲುತ್ತೇನೆ.
ಎದೆ ಧಡಕ್ಕೆಂದು ಒಮ್ಮೆ ಲೆಕ್ಕ ಕೇಳುತ್ತದೆ,
ಐದು ಮತ್ತೆ ಐದು ಎಂ.ಎಲ್. ಆಗುತ್ತದೆ.

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ
ಅನ್ನುತ್ತಿದ್ದ ನಮ್ಮ ದೊಡ್ಡಪ್ಪ.
ಈ ಹೊತ್ತಿಗೆ ಖರೇ, ದೊಡ್ಡಪ್ಪ.
ಅಲ್ಲೇ ಇದೆ.
ಅಲ್ಲಿಂದಲೇ ಈ ಮನೆ ನಡೆಯುತ್ತಿದೆ.

ಆಕೆಯದು ಉಲ್ಟಾ.
ಎರಡು ವರ್ಷದಿಂದ ಮಲಗಿಯೇ ಇದ್ದಾಳೆ,
ರೆಪ್ಪೆ ಮಾತ್ರ ಮಲಗುವುದಿಲ್ಲ.
ಯಲ್ಲಾ ಉಮ್ಮಿ, ಎನ್ನುತ್ತ ತೋಳು ತೂರಿಸಿ
ಸೊಂಟ ಹಿಡಿದು ಬಲಕ್ಕೆ ಹೊರಳಿಸುವಾಗ
ನನ್ನ ಹಣೆ ಆಕೆಯ ಹೆಗಲಿಗೆ ತಾಗಿತು.
ನಿಂತವಳು ನಿಂತಂತೆಯೇ,
ಬಾಗಿದವಳು ಬಾಗಿದಂತೆಯೇ
ಮುಳುಗಿಬಿಟ್ಟೆ.

ನನ್ನ ಏಪ್ರನ್ನನ್ನು ಯಾರೋ ಎರಡು ಸಲ ಜಗ್ಗಿದರು.

ಅಪ್ಪ ಮುತ್ತಿಗೆ ಮುಳುಗುತ್ತಿದ್ದ, ಎಂದಳು ಲುಲ್ವಾ,
ನನಗೆಂದೇ ಮುರಿದು ಚೂರು ಮಾಡಿದ ಅರಬಿಯಲ್ಲಿ.
ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ.
ಮೇಲೆ ಹಗ್ಗ ಹಿಡಿದವನು ಕೂರುವ ಹಾಗಿಲ್ಲ.
ಕೂತರೆ ಕೈ ಮರೆಯುತ್ತದೆ.
ಮರೆತ ಕೈಗೆ
ಜಗ್ಗಿದ್ದು ಅಲೆಯೋ ಮನುಷ್ಯನೋ ತಿಳಿಯುವುದಿಲ್ಲ.

ಹಾಗಾದರೆ ನಾನು ಕೂರಬಾರದು, ಎಂದೆ.

ನಕ್ಕಳು. ಹಲ್ಲಿನ ಕಟ್ಟು ಬಟ್ಟಲಲ್ಲಿತ್ತು.
ಏಪ್ರನ್ನಿನ ದಾರ ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು,
ನೀನು ಇಳಿ ಮಗಳೇ, ಹಗ್ಗ ನನ್ನ ಹತ್ತಿರ, ಎಂದಳು.
ನಾನು ಮಲಗಿದ್ದೇನೆ, ನಿಜ.
ಆದರೆ ಒಳಗೆ ಯಾವಾಗ ಕೂತಿದ್ದೇನೆ, ಹೇಳು?

ಚೀಟಿಯಲ್ಲಿ ಬರೆದೆ: ಎರಡು ಐವತ್ತು, ಬಲ.
ಸ್ಟೂಲನ್ನು ಮಂಚದ ಪಕ್ಕಕ್ಕೆ, ದಾರ ಮುಟ್ಟುವಷ್ಟು, ಎಳೆದುಕೊಂಡೆ.
ಒರಗಿದೆ.

ನಾಲ್ಕಕ್ಕೆ ಸರಿಯಾಗಿ
ಎರಡು ಸಲ.