ಮೂರನೆಯ ವರ್ಷ

ಗೋಣಿಕೊಪ್ಪದಲ್ಲಿ, ಜೇನು ಸಂಘದ ಲೆಕ್ಕಕ್ಕೊಂದು ಲ್ಯಾಪ್‌ಟಾಪು.
ದುಡ್ಡು ಎಣಿಸಿದ ಮೇಲೆ
ಹುಡುಗ ಇನ್ನೊಂದು ಕಾಗದ ಸರಿಸಿದ:
"ಮೂರು ಸಾವಿರದ ನಾನೂರು ಕೊಟ್ಟರೆ, ಮೇಡಂ,
ಎರಡು ವರ್ಷ ಜಾಸ್ತಿ ವಾರಂಟಿ."

ಕನ್ನಡಕ ಏರಿಸಿ ಸಣ್ಣಕ್ಷರ ಓದಿದೆ.
ಸಿಡಿಲಿಗೆ ಇಲ್ಲ. ಇರುವೆಗೆ ಇಲ್ಲ.
ತೇವಕ್ಕೆ, ಬೂಷ್ಟಿಗೆ ಇಲ್ಲ.
ಕಾಫಿ ಚೆಲ್ಲಿದರೆ ಇಲ್ಲವೇ ಇಲ್ಲ.
ಮತ್ತೆ ಕೊಡಗಿನಲ್ಲಿ
ಇನ್ಯಾವುದರಿಂದ ಕೆಡಬೇಕಪ್ಪ ಇದು?

ಹುಡುಗ ನಕ್ಕ.
ಅವನ ಹಿಂದೆ, ಗೋಡೆಯ ಹೊಸ ಬಣ್ಣದಡಿ
ಹಳೆಯ ಅಕ್ಷರ ಇಣುಕುತ್ತಿತ್ತು: ವಿಡಿಯೋ ಲೈಬ್ರರಿ.
ಅಲ್ಲಿ ನನ್ನ ಇನ್ನೂರು ರೂಪಾಯಿ ಡೆಪಾಸಿಟ್
ಇನ್ನೂ ಇದೆ.

ಬೇಡ ಅಂದೆ.

ಬಸ್ಸು ಪೊನ್ನಂಪೇಟೆ ದಾಟುವಾಗ
ಮೊದಲ ಗುಡುಗು.
ಡಬ್ಬವನ್ನು ಮಡಿಲಿಗೆ ಎಳೆದುಕೊಂಡೆ,
ಇನ್ನೂ ಚುಚ್ಚಿರದ ಪ್ಲಗ್ಗನ್ನು
ಮನಸ್ಸಿನಲ್ಲೇ ಕಿತ್ತೆ.